ಒಂದು ಚಳಿಗಾಲದ ಸಿದ್ಧತೆ

ನಮ್ಮ ಶಾಲೆಯ ಚರಿತ್ರೆ ಪುಸ್ತಕಗಳಲ್ಲಿ ಸರಾಯೆವೊ ಒಂದೇ ಸಾಲಿನಲ್ಲಿ ಬಂದು ಹೋಗುವ ಊರು. 1914ರ ಜೂನ್ 28ರಂದು ಅಲ್ಲಿ ಆಸ್ಟ್ರಿಯಾದ ಯುವರಾಜನನ್ನೂ ಅವನ ಹೆಂಡತಿಯನ್ನೂ ಗುಂಡಿಟ್ಟು ಕೊಂದರು, ಮೊದಲ ಮಹಾಯುದ್ಧಕ್ಕೆ ಅದು ನೆಪವಾಯಿತು. ಪರೀಕ್ಷೆಗೆ ಅಷ್ಟು ಸಾಕಿತ್ತು. ಆ ಊರಿನ ನದಿ ಯಾವುದು, ಅಲ್ಲಿಯ ಜನ ಏನು ಉಣ್ಣುತ್ತಾರೆ, ಚಳಿಗಾಲದಲ್ಲಿ ಅಲ್ಲಿಯ ಮಕ್ಕಳು ಏನಾಡುತ್ತಾರೆ ಎಂಬುದನ್ನು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಒಂದು ಊರಿನ ಹೆಸರಿಗೂ ಒಂದು ಸಾವಿಗೂ ಹೀಗೆ ಗಂಟು ಬಿದ್ದರೆ, ಆ ಊರಿನಲ್ಲಿ ಹುಟ್ಟಿ ಬೆಳೆದವರು ಹೊರಗಿನವರಿಗೆ ತಮ್ಮ ಊರಿನ ಹೆಸರು ಹೇಳುವಾಗಲೆಲ್ಲ ಆ ಗಂಟು ಅವರ ಕೊರಳಿಗೂ ಬೀಳುತ್ತದೆ. ಅದನ್ನು ಬಿಚ್ಚುವ ಅವಕಾಶ ಸರಾಯೆವೊದವರಿಗೆ 1978ರಲ್ಲಿ ಸಿಕ್ಕಿತು.

ಆ ವರ್ಷದ ಮೇ 18ರಂದು ಅಥೆನ್ಸಿನಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಸಭೆ ಸೇರಿ, 1984ರ ಚಳಿಗಾಲದ ಒಲಿಂಪಿಕ್ಸ್ ಯಾವ ಊರಿನಲ್ಲಿ ನಡೆಯಬೇಕೆಂದು ಮತ ಹಾಕಿತು. ಮೊದಲ ಸುತ್ತಿನಲ್ಲಿ ಜಪಾನಿನ ಸಪ್ಪೊರೊ ಮುಂದಿತ್ತು. ಎರಡನೆಯ ಸುತ್ತಿನಲ್ಲಿ ಸರಾಯೆವೊ 39, ಸಪ್ಪೊರೊ 36. ಮೂರು ಮತಗಳ ಅಂತರದಲ್ಲಿ, ಮಿಲ್ಯಾಟ್ಸ್ಕಾ ಎಂಬ ಸಣ್ಣ ನದಿಯ ಕಣಿವೆಯಲ್ಲಿ ಉದ್ದಕ್ಕೆ ಹರಡಿಕೊಂಡಿದ್ದ ಯುಗೊಸ್ಲಾವಿಯದ ಬೋಸ್ನಿಯಾ ಸೀಮೆಯ ಒಂದು ಊರು ಲೋಕಕ್ಕೆ ಆತಿಥೇಯವಾಯಿತು. ಅದಕ್ಕೆ ಮೊದಲು ಯಾವ ಸಮಾಜವಾದಿ ದೇಶದಲ್ಲೂ ಚಳಿಗಾಲದ ಒಲಿಂಪಿಕ್ಸ್ ನಡೆದಿರಲಿಲ್ಲ. ಮಸೀದಿ, ಸಿನಗಾಗ್, ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಚರ್ಚುಗಳು ಕೆಲವೇ ನಿಮಿಷಗಳ ನಡಿಗೆಯಲ್ಲಿ ಸಿಗುವ ಊರು ಅದು. ಯುವರಾಜನಿಗೆ ಗುಂಡು ತಗುಲಿದ ಜಾಗದ ಪಕ್ಕದ ಸೇತುವೆಯೂ ಅಲ್ಲೇ ಹತ್ತಿರದಲ್ಲಿತ್ತು.

ಆಯ್ಕೆಯಾದದ್ದೇನೋ ಆಯಿತು, ಆದರೆ ಕಾಲ ಅನುಕೂಲವಾಗಿರಲಿಲ್ಲ. 1980ರ ಮೇ ತಿಂಗಳಲ್ಲಿ ದೇಶದ ನಾಯಕ ಟಿಟೊ ತೀರಿಕೊಂಡರು. ದೇಶದ ಮೇಲೆ ಹೊರಸಾಲ ಏರಿತ್ತು, ಪೆಟ್ರೋಲಿಗೆ ಚೀಟಿ ಬಂತು, ಕಾಫಿಪುಡಿ ಅಂಗಡಿಗಳಲ್ಲಿ ಸಿಗದಾಯಿತು. ಕಾಫಿಯಿಲ್ಲದೆ ಬೆಳಗು ಹರಿಯದ ಊರಿಗೆ ಅದು ಸಣ್ಣ ಕೊರತೆಯಲ್ಲ. ಆ ಕೊರತೆಯ ವರ್ಷಗಳಲ್ಲೇ ಅವರು ಕಟ್ಟತೊಡಗಿದರು, ದುಡಿಯುವವರು ತಮ್ಮ ಸಂಬಳದ ಒಂದು ಪಾಲನ್ನು ಕೂಟಕ್ಕೆಂದು ಬಿಟ್ಟುಕೊಟ್ಟರು. ಟ್ರೆಬೆವಿಚ್ ಬೆಟ್ಟದ ಪೈನ್ ಕಾಡಿನ ನಡುವೆ ಬಾಬ್‌ಸ್ಲೆಡ್ ಮತ್ತು ಲೂಜ್ ಜಾರುಬಂಡಿಗಳಿಗಾಗಿ ಸುಮಾರು 1300 ಮೀಟರ್ ಉದ್ದದ ಕಾಂಕ್ರೀಟ್ ಪಥ ಹಾವಿನಂತೆ ಇಳಿಯಿತು. ಇಗ್ಮಾನ್ ಬೆಟ್ಟದಲ್ಲಿ ಸ್ಕೀ ಜಿಗಿತದ ಇಳಿಜಾರುಗಳು ಎದ್ದವು. ಊರೊಳಗೆ ತಾಮ್ರದ ಚಾವಣಿಯ ಝೆಟ್ರಾ ಎಂಬ ಹಿಮಾಂಗಣ ತಲೆಯೆತ್ತಿತು. ಊರಿನ ಅಂಚಿನಲ್ಲಿ ಮೊಯ್‌ಮಿಲೊ ಎಂಬಲ್ಲಿ ಕ್ರೀಡಾಪಟುಗಳಿಗೂ ಡೊಬ್ರಿನ್ಯಾ ಎಂಬಲ್ಲಿ ಪತ್ರಕರ್ತರಿಗೂ ವಸತಿ ಬಡಾವಣೆಗಳನ್ನು ಕಟ್ಟಿದರು. ಕೂಟ ಮುಗಿದ ಮೇಲೆ ಊರಿನ ಸಂಸಾರಗಳು ಅಲ್ಲಿ ಒಲೆ ಹೂಡಬೇಕೆಂಬುದು ಲೆಕ್ಕಾಚಾರ.

ಬ್ಯೆಲಾಶ್ನಿತ್ಸಾ ಎಂಬ ಬೆಟ್ಟದ ಕತೆಯನ್ನು ಸ್ವಲ್ಪ ನಿಂತು ಹೇಳಬೇಕು. ಪುರುಷರ ಇಳಿಜಾರು ಸ್ಕೀ ಓಟಕ್ಕೆ ಆರಂಭದಿಂದ ಕೊನೆಯವರೆಗೆ ಕನಿಷ್ಠ 800 ಮೀಟರ್ ಇಳಿತ ಇರಬೇಕು. ಬೆಟ್ಟದ ತುದಿ 2067 ಮೀಟರ್ ಎತ್ತರದಲ್ಲಿತ್ತು, ಕೆಳಗಿನ ಗುರಿಯಿಂದ ಅಳೆದರೆ ಬೇಕಾದ ಇಳಿತಕ್ಕೆ ಕೆಲವೇ ಮೀಟರುಗಳ ಕೊರತೆ. ಬೆಟ್ಟವನ್ನು ಬದಲಿಸುವಂತಿರಲಿಲ್ಲ, ನಿಯಮವನ್ನು ಸಡಿಲಿಸುವಂತಿರಲಿಲ್ಲ. ಆಗ ಅವರು ಶಿಖರದ ಮೇಲೊಂದು ಕಟ್ಟಡವನ್ನೆತ್ತಿ, ಓಟದ ಆರಂಭವನ್ನು ಅದರ ಮೇಲಿಟ್ಟರು. ಕೋಟ್ಯಂತರ ವರ್ಷಗಳಲ್ಲಿ ಭೂಮಿ ಎತ್ತಿದ ಬೆಟ್ಟಕ್ಕೆ ಮನುಷ್ಯರು ಹನ್ನೆರಡು ದಿನದ ಕೂಟಕ್ಕೆಂದು ತಮ್ಮ ಕೈಯಿಂದ ಕೆಲವು ಮೀಟರ್ ಸೇರಿಸಿದರು. ಸಿದ್ಧತೆ ಎಂಬುದರ ಸ್ವಭಾವವೇ ಇದರಲ್ಲಿ ನನಗೆ ಕಾಣುತ್ತದೆ. ಇದ್ದುದು ಸಾಲದು ಎಂದು ತಿಳಿದೂ ಎದೆಗುಂದದೆ, ಸಾಲದಿದ್ದಷ್ಟನ್ನು ತಾವೇ ಕೂಡಿಸಿಕೊಳ್ಳುವ ಛಲ ಅದು.

ಊರಿನ ಗುರುತಾಗಿ ಒಂದು ಪ್ರಾಣಿ ಬೇಕಿತ್ತು. ಪತ್ರಿಕೆಗಳ ಓದುಗರು ಆರಿಸಿದ್ದು ತೋಳವನ್ನು. ಸ್ಲೊವೇನಿಯಾದ ಕಲಾವಿದ ಯೋಝೆ ಟ್ರೊಬೆಟ್ಸ್ ಬರೆದ ಆ ಕಿತ್ತಳೆ ಬಣ್ಣದ ತೋಳಕ್ಕೆ ವುಚ್ಕೊ ಎಂದು ಹೆಸರು. ಶತಮಾನಗಳಿಂದ ಆ ಬೆಟ್ಟಸೀಮೆಯ ಕುರಿಗಾಹಿಗಳು ಚಳಿಗಾಲದಲ್ಲಿ ಹೆದರುತ್ತಿದ್ದ ಪ್ರಾಣಿ ಈಗ ಕುತ್ತಿಗೆಗೆ ಕೆಂಪು ವಸ್ತ್ರ ಸುತ್ತಿಕೊಂಡು ನಗುತ್ತ ನಿಂತಿತು. ಮದುವೆ ಗೊತ್ತಾದ ಮನೆಯಂತೆ ಊರೆಲ್ಲ ಕೈ ಕೊಳೆ ಮಾಡಿಕೊಂಡು ದುಡಿಯಿತು. ಗೋಡೆಗೆ ಸುಣ್ಣ ಬಳಿಯುವವನು ಹತ್ತು ವರ್ಷದ ಮೇಲೆ ಈ ಗೋಡೆ ಇರುತ್ತದೆಯೇ ಎಂದು ಕೇಳುವುದಿಲ್ಲ, ಅಂಗಳ ಸಾರಿಸುವವಳು ನಾಳಿದ್ದು ಇದನ್ನು ಎಷ್ಟು ಕಾಲು ತುಳಿಯುತ್ತವೆ ಎಂದು ಎಣಿಸುವುದಿಲ್ಲ. ಬರುವವರು ಬರಲಿದ್ದಾರೆ ಎಂಬುದೊಂದೇ ಆಗಿನ ಸತ್ಯ.

ಕಾಯುವ ಕಾಲ, ದುಡಿಯುವ ಕಾಲ, ಉಣ್ಣುವ ಕಾಲ ಎಲ್ಲವೂ ಗಡಿಯಾರದಲ್ಲಿ ಒಂದೇ. ಆದರೆ ಸಿದ್ಧತೆಯ ಕಾಲಕ್ಕೆ ಬೇರೆಯದೇ ಹದವಿದೆ ಎಂದು ನನಗೆ ಬಹಳ ಸಲ ಅನ್ನಿಸಿದೆ. ದುಃಖದಲ್ಲಿ ಮನುಷ್ಯ ಹಿಂದಕ್ಕೆ ನೋಡುತ್ತಾನೆ, ಭಯದಲ್ಲಿ ಸುತ್ತಮುತ್ತ ನೋಡುತ್ತಾನೆ. ಸಿದ್ಧತೆಯಲ್ಲಿ ಮಾತ್ರ ಅವನು ನಾಳೆಯನ್ನು ತನಗೆ ಈಗಾಗಲೇ ಕೊಟ್ಟಿದ್ದಾರೆ ಎಂಬಂತೆ ಇವತ್ತು ದುಡಿಯುತ್ತಾನೆ. ನಾಳೆಯನ್ನು ಯಾರೂ ಯಾರಿಗೂ ಕೊಟ್ಟಿಲ್ಲವೆಂಬುದು ಅವನಿಗೂ ಗೊತ್ತು, ಗೊತ್ತಿದ್ದೂ ದುಡಿಯುತ್ತಾನೆ. ಇದು ಮರೆವೋ ಧೈರ್ಯವೋ? ಅನಿತ್ಯವನ್ನು ಅರಿತವರು ಇದನ್ನು ಮಾಯೆ ಎಂದಾರು. ಆದರೆ ಅನಿತ್ಯವನ್ನು ಅರಿತವರ ಮನೆಯಲ್ಲೂ ಅತಿಥಿ ಬರುವ ದಿನ ಕಸ ಗುಡಿಸುತ್ತಾರೆ.

ಚಳಿಗಾಲದ ಕೂಟಕ್ಕೆ ಎಲ್ಲವನ್ನೂ ಕಟ್ಟಬಹುದು, ಹಿಮವನ್ನು ಮಾತ್ರ ಬೇಡಿಕೊಳ್ಳಬೇಕು. 1984ರ ಫೆಬ್ರವರಿ ಹತ್ತಿರವಾದರೂ ಬೇಕಾದಷ್ಟು ಹಿಮ ಬೀಳದೆ ಊರು ಕಳವಳಪಟ್ಟಿತು. ಫೆಬ್ರವರಿ 8ರಂದು ಕೊಶೆವೊ ಕ್ರೀಡಾಂಗಣದಲ್ಲಿ 49 ದೇಶಗಳ ತಂಡಗಳು ಹೆಜ್ಜೆ ಹಾಕಿದವು. ಸ್ಕೇಟಿಂಗ್ ಪಟು ಸಾಂಡಾ ದುಬ್ರಾವ್‌ಚಿಚ್ ಮೆಟ್ಟಿಲುಗಳನ್ನೇರಿ ಜ್ಯೋತಿ ಬೆಳಗಿದರು. ಆಮೇಲೆ ಹಿಮ ಬಂತು, ಸಾಕು ಎನ್ನುವವರೆಗೆ ಬಂತು, ಸಾಕೆಂದರೂ ಬಂತು. ಬಿರುಗಾಳಿಗೆ ಬ್ಯೆಲಾಶ್ನಿತ್ಸಾದ ಓಟ 9ರಿಂದ ಮುಂದೂಡುತ್ತ ಮುಂದೂಡುತ್ತ 16ಕ್ಕೆ ಹೋಯಿತು. ಆಗ ಊರಿನವರು ಗುದ್ದಲಿ ಸಲಿಕೆ ಹಿಡಿದು ಬೀದಿಗಿಳಿದರು. ವಿದ್ಯಾರ್ಥಿಗಳು, ಸೈನಿಕರು, ಕಾರ್ಖಾನೆಯ ಕೆಲಸಗಾರರು, ಮನೆಯ ಹಿರಿಯರು, ಎಲ್ಲರೂ ರಾತ್ರಿಯೆಲ್ಲ ಹಿಮ ತೆಗೆದು ಬೆಳಗಿಗೆ ದಾರಿ ಮಾಡಿಕೊಟ್ಟರು. ಮಾರನೆಯ ರಾತ್ರಿ ಮತ್ತೆ ಹಿಮ ಬಿತ್ತು, ಮತ್ತೆ ತೆಗೆದರು. ಬಾರದಿದ್ದಾಗ ಹಂಬಲಿಸಿದ್ದನ್ನೇ ಬಂದಾಗ ಬಾಚಿ ಹಾಕಿದ ಆ ಕೆಲಸದ ಗುರುತು ಈಗ ಎಲ್ಲಿಯೂ ಉಳಿದಿಲ್ಲ, ಉಳಿಯುವಂಥದೂ ಅಲ್ಲ. ಆದರೂ ಆ ಕೂಟದ ನೆನಪು ತೆಗೆದವರೆಲ್ಲ ಪದಕಗಳ ಪಟ್ಟಿಗಿಂತ ಮೊದಲು ಆ ಸಲಿಕೆಗಳ ಮಾತು ತೆಗೆಯುತ್ತಾರೆ.

ಫೆಬ್ರವರಿ 14, ಆ ಊರಿನ ಬಾಳಿನಲ್ಲಿ ಅತ್ಯಂತ ತುಂಬಿದ ದಿನವೆಂದು ತೋರುತ್ತದೆ. ಅಂದು ಬ್ಯೆಲಾಶ್ನಿತ್ಸಾದಲ್ಲಿ ಯೂರೆ ಫ್ರಾಂಕೊ ಎಂಬ ಸ್ಲೊವೇನಿಯಾದ ಹುಡುಗ ಜೈಂಟ್ ಸ್ಲಾಲೊಮ್‌ನಲ್ಲಿ ಬೆಳ್ಳಿ ಗೆದ್ದ. ಚಳಿಗಾಲದ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯಕ್ಕೆ ಬಂದ ಮೊದಲ ಪದಕ ಅದು. ಬೋಸ್ನಿಯಾದವರಿಗೆ ಬುರೆಕ್ ಎಂಬ ಮಾಂಸದ ಹೂರಣದ ತಿನಿಸು ಪ್ರಾಣ. ಯೂರೆಕ್ ತಮಗೆ ಬುರೆಕ್‌ಗಿಂತಲೂ ಪ್ರಿಯ ಎಂದು ಪ್ರಾಸ ಕಟ್ಟಿ ಬೀದಿಬೀದಿಯಲ್ಲಿ ಕೂಗಿದರು. ಅಂದೇ ರಾತ್ರಿ ಝೆಟ್ರಾದಲ್ಲಿ ಇಂಗ್ಲೆಂಡಿನ ಜೇನ್ ಟಾರ್ವಿಲ್ ಮತ್ತು ಕ್ರಿಸ್ಟೊಫರ್ ಡೀನ್ ರವೆಲ್‌ನ ಬೊಲೆರೊ ಸಂಗೀತಕ್ಕೆ ಹಿಮನೃತ್ಯ ಮಾಡಿದರು. ಆಗಿನ ನಿಯಮದಂತೆ ನೃತ್ಯ 4 ನಿಮಿಷ 10 ಸೆಕೆಂಡು ಮೀರಬಾರದಿತ್ತು. ಅವರ ಸಂಗೀತವನ್ನು ಎಷ್ಟು ಕತ್ತರಿಸಿದರೂ 4 ನಿಮಿಷ 28 ಸೆಕೆಂಡಿಗಿಂತ ಕೆಳಗೆ ಇಳಿಯಲಿಲ್ಲ. ಸ್ಕೇಟಿನ ಅಲಗು ಮಂಜುಗಡ್ಡೆಗೆ ತಾಗಿದ ಮೇಲೆ ಮಾತ್ರ ತೀರ್ಪುಗಾರರ ಗಡಿಯಾರ ಓಡುತ್ತಿತ್ತು ಎಂಬುದನ್ನು ಅವರು ಕಂಡುಕೊಂಡರು. ಆದ್ದರಿಂದ ಮೊದಲ 18 ಸೆಕೆಂಡು ಮಂಡಿಯೂರಿ ಕುಳಿತೇ ತೂಗಾಡಿದರು. ಕಲಾತ್ಮಕತೆಗೆ ಒಂಬತ್ತು ತೀರ್ಪುಗಾರರೂ ಪೂರ್ಣ ಅಂಕ ಕೊಟ್ಟರು.

ಆ 18 ಸೆಕೆಂಡುಗಳ ಮೇಲೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ಕೂರುತ್ತದೆ. ಗಡಿಯಾರ ಶುರುವಾಗುವ ಮೊದಲಿನ ಕಾಲ ಅದು, ಲೆಕ್ಕಕ್ಕೆ ಸೇರದ ಕಾಲ. ನೃತ್ಯ ಆಗಲೇ ನಡೆಯುತ್ತಿದೆ, ಆದರೆ ಯಾರೂ ಅಳೆಯುತ್ತಿಲ್ಲ. ನಾವು ಬದುಕಿದ್ದರಲ್ಲಿ ಎಷ್ಟು ಭಾಗ ಹೀಗೆ ಲೆಕ್ಕದ ಹೊರಗೆ ಇದ್ದೀತು? ಆರು ವರ್ಷಗಳ ಆ ಊರಿನ ಸಿದ್ಧತೆಯೂ ಗಡಿಯಾರದ ಹೊರಗಿನದೇ. ಚರಿತ್ರೆ ಅಳೆಯುವುದು ಫೆಬ್ರವರಿ 8ರಿಂದ 19ರವರೆಗಿನ ದಿನಗಳನ್ನು, ಆಮೇಲೆ ಅಳೆಯುವುದು ಇನ್ನೊಂದನ್ನು.

ಆ ಇನ್ನೊಂದು 1992ರ ಏಪ್ರಿಲ್‌ನಲ್ಲಿ ಬಂತು. ಯುಗೊಸ್ಲಾವಿಯ ಒಡೆದು, ಬೋಸ್ನಿಯಾದ ಸರ್ಬ್ ಪಡೆಗಳು ಊರಿನ ಸುತ್ತಲ ಬೆಟ್ಟಗಳನ್ನು ಹಿಡಿದವು. 1996ರ ಫೆಬ್ರವರಿ 29ರವರೆಗೆ, ಒಟ್ಟು 1425 ದಿನ ಮುತ್ತಿಗೆ ನಡೆಯಿತು. ನೀರಿಲ್ಲ, ವಿದ್ಯುತ್ತಿಲ್ಲ, ಅನಿಲವಿಲ್ಲ. ಬೀದಿಯ ಮರಗಳನ್ನು ಕಡಿದು ಒಲೆಗೆ ಹಾಕಿದರು, ಆಮೇಲೆ ಮನೆಯ ಮೇಜು ಕುರ್ಚಿಗಳನ್ನು, ಆಮೇಲೆ ಪುಸ್ತಕಗಳನ್ನು. 2012ರಲ್ಲಿ ಸತ್ತವರ ನೆನಪಿಗೆಂದು ಊರಿನ ಮುಖ್ಯ ಬೀದಿಯಲ್ಲಿ ಸಾಲಾಗಿ ಕೆಂಪು ಕುರ್ಚಿಗಳನ್ನಿಟ್ಟಾಗ ಅವುಗಳ ಸಂಖ್ಯೆ 11,541. ಅವುಗಳಲ್ಲಿ ಸಣ್ಣ ಕುರ್ಚಿಗಳು ಮಕ್ಕಳವು.

ಬೆಟ್ಟಗಳು ಅವೇ. ಟ್ರೆಬೆವಿಚ್‌ನ ಜಾರುಬಂಡಿ ಪಥದ ತಿರುವುಗಳಲ್ಲಿ ಫಿರಂಗಿಗಳು ಕುಳಿತವು. ವೇಗವನ್ನು ತಡೆದುಕೊಳ್ಳಲು ದಪ್ಪವಾಗಿ ಕಟ್ಟಿದ ಗೋಡೆ ಮರೆಗೂ ಒದಗಿತು. ಇಗ್ಮಾನ್ ಮತ್ತು ಬ್ಯೆಲಾಶ್ನಿತ್ಸಾದ ಹೊಟೇಲುಗಳು ಸುಟ್ಟುಹೋದವು, ಸ್ಕೀ ಇಳಿಜಾರುಗಳಲ್ಲಿ ನೆಲಬಾಂಬುಗಳನ್ನು ಹೂತರು. 1984ಕ್ಕೆಂದು ಇವಾನ್ ಷ್ಟ್ರಾವುಸ್ ವಿನ್ಯಾಸ ಮಾಡಿದ ಹಳದಿ ಬಣ್ಣದ ಹಾಲಿಡೇ ಇನ್ ಹೊಟೇಲಿನಲ್ಲಿ ಈಗ ಯುದ್ಧದ ವರದಿಗಾರರು ಉಳಿದುಕೊಂಡರು, ಅದರ ಮುಂದಿನ ರಸ್ತೆಗೆ ಗುಂಡಿನ ಗುರಿಯ ರಸ್ತೆಯೆಂದು ಹೆಸರಾಯಿತು. ಜಗತ್ತಿನ ಪತ್ರಕರ್ತರಿಗೆಂದು ಕಟ್ಟಿದ್ದ ಡೊಬ್ರಿನ್ಯಾ ಬಡಾವಣೆ ಮುತ್ತಿಗೆಯ ಮುಂಚೂಣಿಯಾಯಿತು. 1993ರಲ್ಲಿ ಅಲ್ಲಿಂದಲೇ ವಿಮಾನ ನಿಲ್ದಾಣದ ಅಡಿಯಲ್ಲಿ ಸುಮಾರು 800 ಮೀಟರ್ ಉದ್ದದ, ನೆಟ್ಟಗೆ ನಿಲ್ಲಲಾಗದಷ್ಟು ತಗ್ಗಾದ ಸುರಂಗವೊಂದನ್ನು ತೋಡಿದರು. ಊರಿಗೆ ಹಿಟ್ಟು, ಔಷಧಿ, ಆಯುಧ ಬಂದದ್ದು ಆ ದಾರಿಯಿಂದ. ಒಮ್ಮೆ ಲೋಕವನ್ನೇ ಬರಮಾಡಿಕೊಂಡ ಬಡಾವಣೆಗೆ ಲೋಕ ತಲುಪಬೇಕಾದರೆ ಬೆನ್ನು ಬಗ್ಗಿಸಿ ನಡೆಯಬೇಕಾಯಿತು.

ಝೆಟ್ರಾದ ಕತೆಯೇ ಎಲ್ಲಕ್ಕಿಂತ ಭಾರ. 1992ರ ಮೇ ತಿಂಗಳಲ್ಲಿ ಶೆಲ್‌ಗಳು ಬಿದ್ದು ಅದರ ತಾಮ್ರದ ಚಾವಣಿ ಹಾಳಾಯಿತು. ನೆಲಮಾಳಿಗೆಯಲ್ಲಿ ಹೆಣಗಳನ್ನಿಟ್ಟರು. ಹೂಳಲು ಜಾಗ ಸಾಲದೆ ಪಕ್ಕದ ಬಯಲಿನಲ್ಲಿ ಗೋರಿಗಳು ಹಬ್ಬಿದವು. ಶವಪೆಟ್ಟಿಗೆಗೆ ಹಲಗೆ ಸಾಲದಾದಾಗ ಪ್ರೇಕ್ಷಕರ ಆಸನಗಳ ಮರವನ್ನು ಕಿತ್ತು ತಂದರು. ಬೊಲೆರೊ ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಆ ಆಸನಗಳನ್ನು ಬಿಟ್ಟೆದ್ದು. ಅವನ್ನು ಕಿತ್ತವರಲ್ಲಿ ಆ ರಾತ್ರಿ ಅಲ್ಲಿ ಕುಳಿತು ನೋಡಿದವರೂ ಇದ್ದಿರಬಹುದು. ಬಡಗಿಗೆ ಮರ ಬೇಕಿತ್ತು, ಸತ್ತವನಿಗೆ ಪೆಟ್ಟಿಗೆ ಬೇಕಿತ್ತು. ಎಂಟು ವರ್ಷದ ಹಿಂದೆ ಆ ಹಲಗೆಗೆ ಬಣ್ಣ ಹಚ್ಚಿದ ಕೈಗೆ ಇದು ಗೊತ್ತಿರಲು ಸಾಧ್ಯವೇ ಇರಲಿಲ್ಲ.

ನಮ್ಮ ಶರಣರು ಸ್ಥಾವರವನ್ನೂ ಜಂಗಮವನ್ನೂ ಬೇರೆ ಮಾಡಿ ತೋರಿಸಿ, ನಿಂತದ್ದಕ್ಕೆ ಕೇಡು, ಚಲಿಸುವುದಕ್ಕೆ ಬಾಳು ಎಂಬ ಅರಿವನ್ನು ಕೊಟ್ಟರು. ಸರಾಯೆವೊದ ಎದುರು ಆ ಅರಿವನ್ನು ಹಿಡಿದು ನಿಂತರೆ ಅದು ನಿಜವೆನಿಸುತ್ತದೆ, ಅದರ ಜೊತೆಗೆ ನೋವೂ ಆಗುತ್ತದೆ. ನಿಂತಿದ್ದ ಝೆಟ್ರಾ ಬಿತ್ತು, ಅದರ ಆಸನಗಳು ಮಾತ್ರ ಹೊರಟವು. ಆದರೆ ಹೊರಟದ್ದು ಎಲ್ಲಿಗೆ? ಎಲ್ಲ ಚಲನೆಯೂ ಬಾಳಿನ ಕಡೆಗೇ ಇರಬೇಕಾಗಿಲ್ಲ ಎಂಬುದನ್ನು ಆ ಹಲಗೆಗಳು ಹೇಳುತ್ತವೆ. ಅಷ್ಟಾದರೂ, ತನ್ನವರನ್ನು ಬರಿಮಣ್ಣಿಗೆ ಇಡಬಾರದೆಂದು ಶೆಲ್ ಬೀಳುವ ಊರಿನಲ್ಲಿ ಮರ ಹುಡುಕಿದವರ ಮರ್ಯಾದೆಯೂ ಅವುಗಳಲ್ಲಿಯೇ ಇದೆ. ಅತಿಥಿಗೆ ಕೂರಲು ಮಣೆ ಹಾಕುವುದೂ ಸತ್ತವನಿಗೆ ಪೆಟ್ಟಿಗೆ ಹೊಂದಿಸುವುದೂ ಒಂದೇ ಮನಸ್ಸಿನ ಎರಡು ಕೆಲಸ.

ಇಲ್ಲಿಗೆ ಬಂದಾಗ ಒಂದು ಪ್ರಶ್ನೆಯನ್ನು ಎದುರಿಸಲೇಬೇಕು. ಹಾಗಾದರೆ 1984ರ ಆ ಸಂತೋಷ ಸುಳ್ಳೇ? ಸುಳ್ಳು ಎನ್ನುವವರಿದ್ದಾರೆ. ದೇಶ ಆಗಲೇ ಒಳಗೆ ಬಿರುಕು ಬಿಟ್ಟಿತ್ತು, ಹಿಮ ಆ ಬಿರುಕನ್ನು ಕೆಲವು ದಿನ ಮುಚ್ಚಿತ್ತು, ಒಟ್ಟಿಗೆ ಸಲಿಕೆ ಹಿಡಿದವರೇ ಮುಂದೆ ಎದುರುಬದುರು ಬಂದೂಕು ಹಿಡಿದರು ಎಂದು ಅವರ ವಾದ. ಕೊನೆಯನ್ನು ಕಂಡವರಿಗೆ ಮೊದಲಿನದೆಲ್ಲ ಕೊನೆಯ ಮುನ್ಸೂಚನೆಯಾಗಿಯೇ ಕಾಣುವುದು ಸಹಜ. ಆದರೆ ಹಾಗೆ ನೋಡುವುದು ನ್ಯಾಯವೇ? ಮುಂದೆ ಬಂದದ್ದಕ್ಕೆ ಹಿಂದೆ ಇದ್ದುದರ ಮೇಲೆ ಅಷ್ಟು ಅಧಿಕಾರ ಯಾರು ಕೊಟ್ಟರು? ಫೆಬ್ರವರಿ 14ರಂದು ಆ ಊರಿನವರು ನಕ್ಕ ನಗುವಿಗೆ 1992 ಕಾರಣವಾಗಿರಲಿಲ್ಲ, ಆದ್ದರಿಂದ 1992 ಅದನ್ನು ವಾಪಸು ಕೇಳಲಾರದು. ಕಟ್ಟಡವನ್ನು ಕೆಡವಬಹುದು, ಕಟ್ಟಿದ್ದೇ ಇಲ್ಲವೆನ್ನಲಾಗದು. ಗೆಳೆತನವನ್ನು ಮುರಿಯಬಹುದು, ಗೆಳೆಯರಾಗಿದ್ದ ದಿನಗಳನ್ನು ಮುರಿಯಲಾಗದು. ಆಗಿಹೋದದ್ದು ಕಳೆದುಹೋದದ್ದೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಆಗಿಹೋದದ್ದೊಂದೇ ಇನ್ನು ಯಾರ ಕೈಗೂ ಸಿಗದ, ಯಾರೂ ಕೆಡಿಸಲಾಗದ ಜಾಗಕ್ಕೆ ಸೇರಿದ್ದು.

ಹೀಗೆ ಬರೆದ ಮೇಲೆ ನನಗೇ ಅಳುಕಾಗುತ್ತದೆ. ದೂರದ ದೇಶದಲ್ಲಿ, ಬೆಚ್ಚನೆಯ ಊರಿನಲ್ಲಿ ಕುಳಿತವನಿಗೆ ಈ ಸಮಾಧಾನಕ್ಕೆ ಬೆಲೆ ತೆರಬೇಕಾಗಿಲ್ಲ. ಝೆಟ್ರಾದ ಪಕ್ಕದ ಬಯಲಿನಲ್ಲಿ ಮಗನನ್ನು ಹೂತ ತಾಯಿಗೆ, ಆ ಮಗ ಎಂಟು ವರ್ಷದವನಿದ್ದಾಗ ತೋಳದ ಚಿತ್ರದ ಟೋಪಿ ಹಾಕಿಕೊಂಡು ಕುಣಿದದ್ದು ಯಾರೂ ಕೆಡಿಸಲಾಗದ ಜಾಗದಲ್ಲಿದೆ ಎಂದು ನಾನು ಹೇಳಿದರೆ, ಆಕೆ ಏನೆಂದಾಳು? ಆ ಜಾಗ ನನಗೆ ಬೇಡ, ಮಗ ಬೇಕು ಎಂದಾಳು. ಆ ಮಾತಿಗೆ ಉತ್ತರವಿಲ್ಲ. ಅನಿತ್ಯದ ಚಿಂತನೆ ಕಟ್ಟಡಗಳ ವಿಷಯದಲ್ಲಿ ಮನಸ್ಸನ್ನು ಹಗುರ ಮಾಡೀತು, ಮನುಷ್ಯರ ವಿಷಯದಲ್ಲಿ ಅದಕ್ಕೆ ಅಷ್ಟು ಶಕ್ತಿಯಿಲ್ಲ. ಅಲ್ಲದೆ ಝೆಟ್ರಾ ಕಾಲ ಸವೆದು ಬೀಳಲಿಲ್ಲ, ಅದನ್ನು ಬೀಳಿಸಿದರು. ಎಲೆ ಉದುರುವುದಕ್ಕೂ ಮರ ಕಡಿಯುವುದಕ್ಕೂ ಇರುವ ಅಂತರವನ್ನು ಅನಿತ್ಯ ಎಂಬ ದೊಡ್ಡ ಮಾತಿನಡಿ ಮರೆಮಾಡಬಾರದು. ಎಲ್ಲವೂ ಅಳಿಯುತ್ತದೆ ಎಂಬ ಅರಿವು ಅಳಿಸಿದವರಿಗೆ ಕ್ಷಮೆಯ ಚೀಟಿಯಾಗಬಾರದು.

ಲೋಕ ಆ ಊರನ್ನು ಪೂರ್ತಿ ಮರೆತಿರಲಿಲ್ಲ. 1994ರ ಫೆಬ್ರವರಿ 5ರಂದು ಮಾರ್ಕಾಲೆ ಮಾರುಕಟ್ಟೆಯಲ್ಲಿ ಶೆಲ್ ಬಿದ್ದು 68 ಜನ ಸತ್ತರು. ಅದಾಗಿ ಒಂದೇ ವಾರಕ್ಕೆ ನಾರ್ವೆಯ ಲಿಲ್ಲೆಹಾಮರಿನಲ್ಲಿ ಆ ವರ್ಷದ ಚಳಿಗಾಲದ ಒಲಿಂಪಿಕ್ಸ್ ಶುರುವಾಯಿತು. ಒಲಿಂಪಿಕ್ ಸಮಿತಿಯ ಅಧ್ಯಕ್ಷ ಸಮರಾಂಚ್ ಅಲ್ಲಿ ನೆರೆದವರನ್ನು ಸರಾಯೆವೊಗಾಗಿ ಮೌನವಾಗಿ ನಿಲ್ಲುವಂತೆ ಕೇಳಿಕೊಂಡರು, ಕೂಟದ ನಡುವೆಯೇ ಮುತ್ತಿಗೆಯ ಊರಿಗೆ ಹೋಗಿ ಬಂದರು. ಹತ್ತು ವರ್ಷದ ಹಿಂದೆ ಸರಾಯೆವೊದಲ್ಲಿ ಚಿನ್ನ ಗೆದ್ದಿದ್ದ ಕಟಾರಿನಾ ವಿಟ್ ಒಂದು ಹಳೆಯ ಯುದ್ಧವಿರೋಧಿ ಹಾಡಿನ ರಾಗಕ್ಕೆ ಆ ಊರಿನ ನೆನಪಿನಲ್ಲಿ ಸ್ಕೇಟ್ ಮಾಡಿದರು. ಬೋಸ್ನಿಯಾದಿಂದ ನಾಲ್ವರ ಬಾಬ್‌ಸ್ಲೆಡ್ ತಂಡವೊಂದು ಬಂದಿತ್ತು. ಅದರಲ್ಲಿ ಇಬ್ಬರು ಬೋಸ್ನಿಯಾದ ಮುಸ್ಲಿಮರು, ಒಬ್ಬ ಕ್ರೊಯೇಷಿಯನ್, ಒಬ್ಬ ಸರ್ಬ್. ಅವರ ಊರಿನ ಪಥದಲ್ಲಿ ಆಗ ಫಿರಂಗಿಗಳಿದ್ದವು. ಒಂದೇ ಬಂಡಿಯಲ್ಲಿ ಒಬ್ಬರ ಬೆನ್ನಿಗೊಬ್ಬರು ಅಂಟಿ ಕುಳಿತು ಜಾರಿದ ಆ ನಾಲ್ವರನ್ನು ನೆನೆದಾಗ, 1984 ಸುಳ್ಳೆಂಬ ವಾದ ನನಗೆ ಇನ್ನಷ್ಟು ದುರ್ಬಲವಾಗಿ ತೋರುತ್ತದೆ.

ಯುದ್ಧ ಮುಗಿದ ಮೇಲೆ ಊರು ಏನನ್ನು ಉಳಿಸಿಕೊಂಡಿತು, ಏನನ್ನು ಬಿಟ್ಟಿತು? ಝೆಟ್ರಾವನ್ನು ಮತ್ತೆ ಕಟ್ಟಿದರು, 1999ರಲ್ಲಿ ಅದು ತೆರೆಯಿತು, 2010ರಲ್ಲಿ ಅದಕ್ಕೆ ಸಮರಾಂಚ್ ಹೆಸರಿಟ್ಟರು. ಮೊಯ್‌ಮಿಲೊ ಬಡಾವಣೆಯ ಮನೆಗಳನ್ನು ದುರಸ್ತಿ ಮಾಡಲು ಬಾರ್ಸಿಲೋನಾ ನಗರ ಮುಂದೆ ಬಂತು. 1992ರ ಬೇಸಿಗೆಯಲ್ಲಿ ತಾನು ಒಲಿಂಪಿಕ್ಸ್ ನಡೆಸುತ್ತಿದ್ದಾಗ ಹಿಂದೊಮ್ಮೆ ಆತಿಥೇಯವಾಗಿದ್ದ ಊರು ಉರಿಯುತ್ತಿದ್ದುದನ್ನು ಅದು ಕಂಡಿತ್ತು. ಒಲಿಂಪಿಕ್ ಮ್ಯೂಸಿಯಂ ಇದ್ದ ಹಳೆಯ ಬಂಗಲೆ ಮುತ್ತಿಗೆಯ ಮೊದಲ ತಿಂಗಳಲ್ಲೇ ಹಾಳಾಗಿತ್ತು, ಅದು ಬಾಗಿಲು ತೆರೆಯಲು 2020 ಬರಬೇಕಾಯಿತು. ಟ್ರೆಬೆವಿಚ್‌ನ ಪಥವನ್ನು ಕೆಡವಲೂ ಇಲ್ಲ, ಪೂರ್ತಿ ಕಟ್ಟಲೂ ಇಲ್ಲ. ಪಾಚಿ ಕಟ್ಟಿತು, ಗೋಡೆಯುದ್ದಕ್ಕೂ ಹುಡುಗರು ಬಣ್ಣದ ಚಿತ್ರ ಬರೆದರು. ಆಮೇಲೆ ಊರಿನ ಲೂಜ್ ಆಟಗಾರರೇ ಕೆಲವು ಭಾಗವನ್ನು ಸರಿಪಡಿಸಿಕೊಂಡು, ಬೇಸಿಗೆಯಲ್ಲಿ ಗಾಲಿಯ ಬಂಡಿಗಳಲ್ಲಿ ಅಭ್ಯಾಸ ಮಾಡತೊಡಗಿದರು. ಹಳೆಯ ಪೇಟೆ ಬಾಷ್‌ಚಾರ್ಷಿಯಾದಲ್ಲಿ ಕಂಚುಗಾರರು ಯುದ್ಧದ ಶೆಲ್‌ಗಳ ಹಿತ್ತಾಳೆ ಕವಚಕ್ಕೆ ಹೂಬಳ್ಳಿ ಕೆತ್ತಿ ಮಾರುತ್ತಾರೆ. ಅದೇ ಪೇಟೆಯಲ್ಲಿ ವುಚ್ಕೊ ತೋಳದ ಬಿಲ್ಲೆಗಳೂ ಸಿಗುತ್ತವೆ. ಕೊಂದದ್ದನ್ನೂ ಕುಣಿಸಿದ್ದನ್ನೂ ಒಂದೇ ಪೇಟೆ ಮಾರುತ್ತದೆಂದು ಬೇಸರಪಡುವವರುಂಟು. ನನಗೆ ಹಾಗನ್ನಿಸುವುದಿಲ್ಲ. ಎರಡೂ ಆ ಊರಿನ ಮೇಲೆ ಬಿದ್ದವು, ಎರಡನ್ನೂ ಅದು ತನ್ನ ಕೈಯಿಂದ ಮುಟ್ಟಿ ತನ್ನದು ಮಾಡಿಕೊಂಡಿದೆ.

ಈಗ ಆತಿಥೇಯ ನಗರಗಳನ್ನು ಆರಿಸುವಾಗ ಕೂಟದ ಬಳಿಕ ಏನು ಉಳಿಯುತ್ತದೆ ಎಂದು ಮೊದಲೇ ಕೇಳುತ್ತಾರೆ. ಹಣದ ದೃಷ್ಟಿಯಿಂದ, ಕಾಡಿನ ದೃಷ್ಟಿಯಿಂದ ಅದು ಕೇಳಲೇಬೇಕಾದ ಪ್ರಶ್ನೆ. ಇಟಲಿಯ ಕೊರ್ಟಿನಾದಲ್ಲಿ 1956ರ ಕೂಟ ನಡೆದ ಹಳೆಯ ಜಾರುಬಂಡಿ ಪಥವನ್ನು 2023ರಲ್ಲಿ ಕೆಡವಿ, ಲಾರ್ಚ್ ಮರಗಳನ್ನು ಕಡಿದು, 2026ರ ಕೂಟಕ್ಕೆ ಹೊಸ ಪಥ ಕಟ್ಟಿದಾಗ ಅಲ್ಲಿಯವರೇ ನೊಂದು ಪ್ರತಿಭಟಿಸಿದರು. ಅವರ ನೋವು ನನಗೆ ಅರ್ಥವಾಗುತ್ತದೆ. 2022ರ ಬೀಜಿಂಗ್ ಕೂಟ ಹೆಚ್ಚುಕಡಿಮೆ ಪೂರ್ತಿಯಾಗಿ ಯಂತ್ರಗಳು ಮಾಡಿದ ಹಿಮದ ಮೇಲೆ ನಡೆಯಿತು. ಬೇಡಿಕೊಳ್ಳಬೇಕಾಗಿದ್ದ ಒಂದೇ ವಸ್ತುವನ್ನೂ ಮನುಷ್ಯ ಈಗ ತಯಾರಿಸಿಕೊಳ್ಳಬೇಕಾಗಿದೆ. ಭೂಮಿಯ ಬಿಸಿ ಹೀಗೆಯೇ ಏರಿದರೆ ಚಳಿಗಾಲದ ಕೂಟಕ್ಕೆ ಊರುಗಳೇ ಸಿಗದ ದಿನ ಬಂದೀತು. ಆಗ ಇಂಥ ಕೂಟವೊಂದಿತ್ತು ಎಂಬುದೇ ಕತೆಯಾದೀತು. ಇಷ್ಟಾಗಿಯೂ, ಉಳಿಯುವುದರ ಲೆಕ್ಕದಲ್ಲಿ ಸಲಿಕೆ ಹಿಡಿದ ರಾತ್ರಿಗಳಿಗೆ ಅಂಕಣವಿಲ್ಲ ಎಂಬುದನ್ನು ಆ ಲೆಕ್ಕ ಬರೆಯುವವರು ತಿಳಿದಿರಬೇಕು. ಸರಾಯೆವೊ ತನ್ನ ಕೂಟದಿಂದ ಪಡೆದದ್ದರಲ್ಲಿ ಅತ್ಯಂತ ಗಟ್ಟಿಯಾದದ್ದು ಕಾಂಕ್ರೀಟಿನದಾಗಿರಲಿಲ್ಲ. ನಾವೆಲ್ಲ ಕೂಡಿ ಒಮ್ಮೆ ಹೀಗಿದ್ದೆವು ಎಂಬ ತಿಳಿವು ಅದು. ಮುತ್ತಿಗೆಯ ಕತ್ತಲಲ್ಲಿ ಅವರು ಪರಸ್ಪರ ನೆನಪಿಸಿಕೊಂಡದ್ದು ಅದನ್ನೇ.

ಆದ್ದರಿಂದ ಆ ಊರಿಗೆ ಹೋಗಬಲ್ಲ ಓದುಗರಲ್ಲಿ ನನ್ನದೊಂದು ಬೇಡಿಕೆಯಿದೆ. ಪಾಳುಬಿದ್ದ ಪಥದ ಚಿತ್ರ ತೆಗೆದುಕೊಂಡು, ಅಯ್ಯೋ ಎಂದು ನಿಟ್ಟುಸಿರಿಟ್ಟು ಹಿಂದಿರುಗಬೇಡಿ. 1914ರ ಸಾವಿಗೆ ಗಂಟುಬಿದ್ದಿದ್ದ ಊರನ್ನು 1992ರ ಸಾವಿಗೆ ಮತ್ತೆ ಗಂಟು ಹಾಕುವುದು ಅನ್ಯಾಯ. ಗೋರಿಗಳ ನಡುವೆ ನಡೆದಾಡಿ, ಅಲ್ಲಿಯ ಹುಟ್ಟಿದ ವರ್ಷಗಳನ್ನು ಓದಿ, ಆಮೇಲೆ ಝೆಟ್ರಾದ ಒಳಗೂ ಹೋಗಿ. ಟಾರ್ವಿಲ್ ಮತ್ತು ಡೀನ್ 2014ರ ಫೆಬ್ರವರಿಯಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಅಲ್ಲಿಗೆ ಮರಳಿ ಬಂದು ಅದೇ ಬೊಲೆರೊವನ್ನು ಮತ್ತೆ ಆಡಿದರು. ಟ್ರೆಬೆವಿಚ್‌ಗೆ ಹೋಗುತ್ತಿದ್ದ ಕೇಬಲ್ ಕಾರು ಯುದ್ಧದಲ್ಲಿ ನಾಶವಾಗಿತ್ತು, ಅದು 2018ರ ಏಪ್ರಿಲ್ 6ರಿಂದ ಮತ್ತೆ ಓಡುತ್ತಿದೆ.

2019ರ ಫೆಬ್ರವರಿಯಲ್ಲಿ ಯೂರೋಪಿನ ಕಿರಿಯರ ಚಳಿಗಾಲದ ಒಲಿಂಪಿಕ್ ಉತ್ಸವ ಆ ಕಣಿವೆಗೆ ಬಂತು. ಯುದ್ಧದ ಕೊನೆಯಲ್ಲಿ ಎಳೆದ ಗೆರೆಯ ಎರಡು ಬದಿಯ ಊರುಗಳು, ಸರಾಯೆವೊ ಮತ್ತು ಪೂರ್ವ ಸರಾಯೆವೊ, ಒಟ್ಟಾಗಿ ಅದನ್ನು ನಡೆಸಿದವು. ಬ್ಯೆಲಾಶ್ನಿತ್ಸಾದಲ್ಲೂ ಯಾಹೊರಿನಾ ಬೆಟ್ಟದಲ್ಲೂ ಸ್ಪರ್ಧೆಗಳು ನಡೆದವು. ಹದಿಹರೆಯದ ಆ ಸ್ಪರ್ಧಿಗಳೆಲ್ಲ ಮುತ್ತಿಗೆ ಮುಗಿದ ಮೇಲೆ ಹುಟ್ಟಿದವರು.